ಜರ್ಮನರ 'ಅಪ್ಪ' ರೈನ್

ನಮಗೆ ನದಿಗಳೆಂದರೆ ತಾಯಂದಿರು. ಕಾವೇರಿ, ತುಂಗೆ, ಶರಾವತಿ, ನೇತ್ರಾವತಿ ಎಂದು ಹೆಸರು ಹೇಳುವಾಗಲೇ ಹೆಣ್ಣೆಂಬ ಭಾವನೆ ತಾನಾಗಿ ಬಂದುಬಿಡುತ್ತದೆ. ಬ್ರಹ್ಮಪುತ್ರದಂಥ ಗಂಡುನದಿಗಳು ನಮ್ಮಲ್ಲಿ ಅಪರೂಪ. ಜರ್ಮನರ ನಾಡಿನಲ್ಲೂ ಎಲ್ಬೆ, ವೇಸರ್, ಮೊಸೆಲ್, ಡ್ಯಾನ್ಯೂಬ್ ಇವಕ್ಕೆಲ್ಲ ವ್ಯಾಕರಣದಲ್ಲಿ ಸ್ತ್ರೀಲಿಂಗವೇ. ಆದರೆ ಅವರ ಅತಿ ಮುಖ್ಯವಾದ ನದಿ ರೈನ್ ಮಾತ್ರ ಪುಲ್ಲಿಂಗದ್ದು. ಅಷ್ಟೇ ಅಲ್ಲ, ಅದನ್ನು ಅವರು ಕರೆಯುವುದು 'ಫಾಟರ್ ರೈನ್', ಅಂದರೆ ಅಪ್ಪ ರೈನ್ ಎಂದು. ಚಿತ್ರಗಳಲ್ಲಿ, ಶಿಲ್ಪಗಳಲ್ಲಿ ಆತ ಉದ್ದ ಗಡ್ಡದ ಮುದುಕ.

ಈ ಅಪ್ಪನನ್ನು ತಿದ್ದಲು ಹೊರಟ ಮಕ್ಕಳ ಕತೆ ಸ್ವಾರಸ್ಯಕರವಾಗಿದೆ. ಜರ್ಮನಿಯ ಭೂಗೋಳ, ಇತಿಹಾಸಗಳನ್ನು ಬಿಡಿಬಿಡಿಯಾಗಿ ಓದಿದರೆ ಊರಿನ ಹೆಸರುಗಳೂ ಇಸವಿಗಳೂ ತಲೆಯಲ್ಲಿ ಕಲಸಿಹೋಗುತ್ತವೆ. ಈ ಒಂದು ನದಿಯ ದಂಡೆ ಹಿಡಿದು ಹೊರಟರೆ ಬಹಳಷ್ಟು ಸಂಗತಿಗಳು ದಾರಿಯಲ್ಲೇ ಸಿಗುತ್ತವೆ.

ಮೊದಲು ಒಂದೆರಡು ಅಂಕಿಗಳು. ಜರ್ಮನಿಯ ವಿಸ್ತೀರ್ಣ ಸುಮಾರು 3,57,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಎರಡರಷ್ಟಕ್ಕೆ ತುಸು ಕಡಿಮೆ. ಅಷ್ಟು ಜಾಗದಲ್ಲಿ ಎಂಟು ಕೋಟಿಗೂ ಮಿಕ್ಕಿ ಜನ, 16 ರಾಜ್ಯಗಳು, ಗಡಿಗೆ ಹೊಂದಿಕೊಂಡು 9 ದೇಶಗಳು. ರೈನ್ ಹುಟ್ಟುವುದು ಜರ್ಮನಿಯಲ್ಲಲ್ಲ, ಸಮುದ್ರ ಸೇರುವುದೂ ಅಲ್ಲಲ್ಲ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ ನೆದರ್ಲೆಂಡ್ಸಿನಲ್ಲಿ ಉತ್ತರ ಸಮುದ್ರಕ್ಕೆ ಸೇರುತ್ತದೆ. ನಡುವಿನ ಸುಮಾರು 865 ಕಿಲೋಮೀಟರ್ ಜರ್ಮನಿಯ ಪಾಲು.

ಒಟ್ಟು ಉದ್ದ ಎಷ್ಟು? ಹಳೆಯ ಅಟ್ಲಾಸುಗಳನ್ನು, ವಿಶ್ವಕೋಶಗಳನ್ನು ತೆಗೆದು ನೋಡಿದರೆ 1,320 ಕಿಲೋಮೀಟರ್ ಎಂದಿರುತ್ತದೆ. 2010ರಲ್ಲಿ ಕೊಲೋನ್ ನಗರದ ಜೀವವಿಜ್ಞಾನಿ ಬ್ರೂನೊ ಕ್ರೆಮರ್ ಅವರಿಗೆ ಈ ಅಂಕಿಯ ಮೇಲೆ ಅನುಮಾನ ಬಂತು. ನಕ್ಷೆಯ ಮೇಲೆ ಅಳೆದರೆ ಅಷ್ಟು ಬರುತ್ತಿರಲಿಲ್ಲ. ಹುಡುಕುತ್ತ ಹೋದಾಗ 20ನೇ ಶತಮಾನದ ಆರಂಭದ ಪುಸ್ತಕಗಳಲ್ಲಿ ಸುಮಾರು 1,230 ಎಂದೇ ಇತ್ತು. 1930ರ ದಶಕದ ಒಂದು ವಿಶ್ವಕೋಶದಲ್ಲಿ 2 ಮತ್ತು 3 ಅದಲುಬದಲಾಗಿ 1,320 ಎಂದು ಅಚ್ಚಾಗಿತ್ತು. ಆಮೇಲೆ ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದುಕೊಂಡರು. ಎಲ್ಲವನ್ನೂ ಅಳತೆ ಮಾಡಿ ನೋಡುವವರೆಂದು ಹೆಸರಾದ ಜರ್ಮನರ ದೇಶದಲ್ಲಿ, ಕಣ್ಣೆದುರಿನ ನದಿಗೆ 90 ಕಿಲೋಮೀಟರ್ ಹೆಚ್ಚುವರಿ ಉದ್ದ ಮುಕ್ಕಾಲು ಶತಮಾನ ಕಾಲ ಉಳಿದುಕೊಂಡಿತು. ಪರೀಕ್ಷೆಯಲ್ಲಿ ನಕಲು ಮಾಡಿದವರು ಸಿಕ್ಕಿಬೀಳುವುದೂ ಹೀಗೆಯೇ, ಒಂದೇ ತಪ್ಪು ಎಲ್ಲರ ಉತ್ತರಪತ್ರಿಕೆಯಲ್ಲಿ ಇದ್ದಾಗ!

ರೈನ್ ಆಲ್ಪ್ಸ್‌ನಿಂದ ಇಳಿದು ಕಾನ್‌ಸ್ಟನ್ಸ್ ಎಂಬ ದೊಡ್ಡ ಸರೋವರವನ್ನು ಹೊಕ್ಕು ಹೊರಬಂದು, ಶಾಫ್‌ಹೌಸೆನ್ ಬಳಿ 23 ಮೀಟರ್ ಎತ್ತರದಿಂದ ಧುಮುಕುತ್ತದೆ. ಜೋಗ ಕಂಡವರಿಗೆ ಈ ಎತ್ತರ ಏನೇನೂ ಅಲ್ಲ. ಆದರೆ ಅಗಲ 150 ಮೀಟರ್, ನೀರಿನ ಪ್ರಮಾಣವೂ ಅಪಾರ. ಅಲ್ಲಿಂದ ಪಶ್ಚಿಮಕ್ಕೆ ಹರಿಯುವಾಗ ಬಹುಮಟ್ಟಿಗೆ ಒಂದು ದಂಡೆ ಸ್ವಿಟ್ಜರ್ಲೆಂಡ್, ಇನ್ನೊಂದು ದಂಡೆ ಜರ್ಮನಿ. ಲಾಫೆನ್‌ಬರ್ಗ್ ಎಂಬ ಊರು ಎರಡೂ ಕಡೆ ಇದೆ. 2003ರಲ್ಲಿ ಅಲ್ಲಿ ಹೊಸ ಸೇತುವೆ ಕಟ್ಟುತ್ತಿದ್ದಾಗ ನಡೆದದ್ದನ್ನು ವಿಜ್ಞಾನದ ತರಗತಿಯಲ್ಲಿ ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಜರ್ಮನರು 'ಸಮುದ್ರ ಮಟ್ಟದಿಂದ ಇಷ್ಟು ಎತ್ತರ' ಎನ್ನುವುದು ಉತ್ತರ ಸಮುದ್ರವನ್ನು ಆಧಾರವಾಗಿಟ್ಟುಕೊಂಡು. ಸ್ವಿಸ್ ಜನರ ಲೆಕ್ಕ ಮೆಡಿಟರೇನಿಯನ್ ಸಮುದ್ರದ್ದು. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸವಿದೆಯೆಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಆದರೆ ಕೂಡಿಸಬೇಕಾದಲ್ಲಿ ಕಳೆದದ್ದರಿಂದ ವ್ಯತ್ಯಾಸ ಹೋಗುವ ಬದಲು ಇಮ್ಮಡಿಯಾಗಿ, ಎರಡು ತುದಿಗಳ ನಡುವೆ 54 ಸೆಂಟಿಮೀಟರ್ ಮೆಟ್ಟಿಲು ಬೀಳುವುದರಲ್ಲಿತ್ತು. ಸಕಾಲದಲ್ಲಿ ಗೊತ್ತಾಗಿ ಜರ್ಮನ್ ಕಡೆಯ ಕಟ್ಟಡವನ್ನು ಸರಿಪಡಿಸಿದರು. ಪ್ಲಸ್ ಮೈನಸ್ ಚಿಹ್ನೆಗೆ ಏಕೆ ಅಂಕ ಕಳೆಯುತ್ತೀರಿ ಎಂದು ಕೇಳುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಮುಂದೆ ಬಾಸೆಲ್ ನಗರ. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕೇಂದ್ರ ಇದೇ ರೈನ್ ದಂಡೆಯ ಊರು. ಊರು ಸ್ವಿಸ್ ಆದರೂ ಅಲ್ಲಿಂದ ನಮ್ಮಲ್ಲಿಗೆ ಬಂದವರಲ್ಲಿ ಬಹಳ ಮಂದಿ ಜರ್ಮನರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗ್ ಪ್ರಾಂತ್ಯದವರು. 1894ರಲ್ಲಿ ಪ್ರಕಟವಾದ ಮಹಾ ನಿಘಂಟಿನ ಕಿಟೆಲ್ ಜರ್ಮನಿಯ ವಾಯವ್ಯ ಕರಾವಳಿಯವರು. ಮಂಗಳೂರು ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ಆರಂಭಿಸಿದ್ದೂ ಇದೇ ಮಿಶನ್.

ನದಿಯನ್ನು ನೆಟ್ಟಗೆ ಮಾಡಿದ ಎಂಜಿನಿಯರ್

ಬಾಸೆಲ್‌ನಲ್ಲಿ ನದಿ ಉತ್ತರಕ್ಕೆ ತಿರುಗಿ ಅಗಲವಾದ ಬಯಲಿಗೆ ಬೀಳುತ್ತದೆ. ಬಲಕ್ಕೆ ಜರ್ಮನಿಯ ಕಪ್ಪುಕಾಡು, ಎಡಕ್ಕೆ ಫ್ರಾನ್ಸಿನ ವೋಜ್ ಬೆಟ್ಟಸಾಲು. ಇವೆರಡರ ನಡುವಿನ ನೆಲ ಕೋಟ್ಯಂತರ ವರ್ಷಗಳ ಹಿಂದೆ ಬಿರುಕುಬಿಟ್ಟು ಕುಸಿದದ್ದರಿಂದ ಆದ ಕಣಿವೆ ಇದು. ಇನ್ನೂರು ವರ್ಷಗಳ ಹಿಂದೆ ಈ ಬಯಲಿನಲ್ಲಿ ರೈನ್‌ಗೆ ಒಂದು ಗೊತ್ತಾದ ಪಾತ್ರವೇ ಇರಲಿಲ್ಲ. ಮೇಲ್ಭಾಗದಲ್ಲಿ ಎರಡು ಮೂರು ಕಿಲೋಮೀಟರ್ ಅಗಲದಲ್ಲಿ ಹತ್ತಾರು ಕವಲುಗಳಾಗಿ, ಲೆಕ್ಕವಿಲ್ಲದಷ್ಟು ನಡುಗಡ್ಡೆಗಳ ನಡುವೆ ಹರಿಯುತ್ತಿತ್ತು. ಕೆಳಕ್ಕೆ ಹೋದಂತೆ ಹಾವಿನ ಹಾಗೆ ಸುತ್ತಿಕೊಳ್ಳುತ್ತಿತ್ತು. ಪ್ರತಿ ನೆರೆಗೂ ದಾರಿ ಬದಲು. ಇಂದು ಎಡದಂಡೆಯಲ್ಲಿದ್ದ ಊರು ನಾಳೆ ಬಲದಂಡೆಯಲ್ಲಿ. ಕೊಚ್ಚಿಹೋಗಿ ಮತ್ತೊಂದು ಕಡೆ ಕಟ್ಟಿಕೊಂಡ ಹಳ್ಳಿಗಳಿದ್ದವು. ಜೌಗು ನೆಲದಲ್ಲಿ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ. ಹೌದು, ಯೂರೋಪಿನ ನಟ್ಟನಡುವೆ ಮಲೇರಿಯಾ ಮನೆಮಾಡಿಕೊಂಡಿತ್ತು.

ಬಾಡೆನ್ ಸಂಸ್ಥಾನದ ಎಂಜಿನಿಯರ್ ಯೋಹಾನ್ ಗಾಟ್‌ಫ್ರೀಡ್ ತುಲ್ಲ ಇದಕ್ಕೊಂದು ಕೊನೆ ಕಾಣಿಸಬೇಕೆಂದು ಹೊರಟ. ಒಂದು ನದಿಗೆ ಒಂದೇ ಪಾತ್ರ ಸಾಕು ಎಂಬುದು ಆತನ ಸಿದ್ಧಾಂತ. 1817ರಲ್ಲಿ ಕೆಲಸ ಆರಂಭವಾಯಿತು. ಯಂತ್ರಗಳಿಲ್ಲದ ಆ ಕಾಲದಲ್ಲಿ ಇಡೀ ನದಿಗೆ ಹೊಸ ಪಾತ್ರ ತೋಡುವುದೆಂದರೇನು? ತುಲ್ಲನ ಉಪಾಯ ಜಾಣತನದ್ದು. ತಿರುವಿನ ಕುತ್ತಿಗೆಗೆ ಅಡ್ಡಲಾಗಿ ಸುಮಾರು 20 ಮೀಟರ್ ಅಗಲದ ಕಾಲುವೆಯನ್ನಷ್ಟೇ ಸಲಿಕೆ ಗುದ್ದಲಿಗಳಿಂದ ತೋಡಿಸಿದ. ನೀರನ್ನು ಅದರಲ್ಲಿ ಬಿಟ್ಟ ಮೇಲೆ ನದಿಯೇ ದಂಡೆಯನ್ನು ಕೊರೆದು ಕೊರೆದು, ವರ್ಷಗಳಲ್ಲಿ ಇನ್ನೂರು ಮೀಟರಿಗೂ ಹೆಚ್ಚು ಅಗಲ ಮಾಡಿಕೊಂಡಿತು. ನದಿಯ ಕೆಲಸವನ್ನು ನದಿಯ ಕೈಯಲ್ಲೇ ಮಾಡಿಸಿದ ಹಾಗೆ.

ಎಲ್ಲರೂ ಒಪ್ಪಿದರೆಂದೇನೂ ಅಲ್ಲ. ಈಗ ಕಾರ್ಲ್ಸ್‌ರೂಹೆ ನಗರಕ್ಕೆ ಸೇರಿಹೋಗಿರುವ ಕ್ನೀಲಿಂಗೆನ್ ಗ್ರಾಮದವರು, ಕಾಲುವೆ ತೋಡಿದರೆ ತಮ್ಮ ಹೊಲ, ಗೋಮಾಳಗಳು ನದಿಯಾಚೆಗೆ ಹೋಗುತ್ತವೆಂದು ಅಡ್ಡ ನಿಂತರು. ಸೈನ್ಯವನ್ನು ತಂದು ಕೆಲಸ ನಡೆಸಬೇಕಾಯಿತು. ತುಲ್ಲ 1828ರಲ್ಲೇ ತೀರಿಕೊಂಡ. ಕಾಮಗಾರಿ ಮುಗಿದದ್ದು 1876ರಲ್ಲಿ. ಬಾಸೆಲ್‌ನಿಂದ ವರ್ಮ್ಸ್‌ವರೆಗೆ 354 ಕಿಲೋಮೀಟರ್ ಇದ್ದ ನದಿ 273 ಕಿಲೋಮೀಟರಿಗೆ ಇಳಿಯಿತು. 81 ಕಿಲೋಮೀಟರ್ ನದಿಯೇ ಮಾಯ.

ಲಾಭ ಸಣ್ಣದಲ್ಲ. ಜೌಗು ಆರಿತು, ಸಾಗುವಳಿಯ ನೆಲ ಹೆಚ್ಚಿತು, ಮಲೇರಿಯಾ ಹಿಂದೆ ಸರಿಯಿತು. ಹಳ್ಳಿಗಳು ಇದ್ದಲ್ಲೇ ಉಳಿದವು. ಇಂದು ಕುರ್ಚಿಯಲ್ಲಿ ಕುಳಿತು ತುಲ್ಲನನ್ನು ಬೈಯುವುದು ಸುಲಭ. ಚಳಿಜ್ವರದಲ್ಲಿ ಮಗುವನ್ನು ಕಳೆದುಕೊಂಡವರು ಬೈಯಲಾರರು.

ಆದರೆ ಭೌತಶಾಸ್ತ್ರ ತನ್ನ ಲೆಕ್ಕವನ್ನು ಬಿಡುವುದಿಲ್ಲ. ಬಾಸೆಲ್‌ನ ಎತ್ತರ ಬದಲಾಗಲಿಲ್ಲ, ವರ್ಮ್ಸ್‌ನ ಎತ್ತರವೂ ಬದಲಾಗಲಿಲ್ಲ. ಅಷ್ಟೇ ಇಳಿತವನ್ನು ಕಡಿಮೆ ದೂರದಲ್ಲಿ ಇಳಿಯಬೇಕೆಂದರೆ ಇಳಿಜಾರು ಹೆಚ್ಚಲೇಬೇಕು. 354ನ್ನು 273ರಿಂದ ಭಾಗಿಸಿ ನೋಡಿ, ಸರಾಸರಿ ಇಳಿಜಾರು ಶೇಕಡ 30ರಷ್ಟು ಹೆಚ್ಚಾದದ್ದು ಕಾಣುತ್ತದೆ. ವೇಗ ಹೆಚ್ಚಿತು. ಅಗಲಕ್ಕೆ ಹರಡಲು ಬಿಡದ ನದಿ ಆಳಕ್ಕೆ ಕೊರೆಯತೊಡಗಿತು. ಬಾಸೆಲ್‌ನಿಂದ ಕೆಳಗೆ ಕೆಲವೆಡೆ ಪಾತ್ರ ಹಲವು ಮೀಟರ್ ಆಳಕ್ಕೆ ಹೋಗಿ, ಇಸ್ಟೈನ್ ಎಂಬಲ್ಲಿ ಅಡಿಯ ಬಂಡೆಗಳೇ ಮೇಲೆದ್ದು ಹಡಗುಗಳಿಗೆ ತಡೆಯಾದವು. ನದಿ ಇಳಿದಂತೆ ಪಕ್ಕದ ಅಂತರ್ಜಲವೂ ಇಳಿಯಿತು. ಜೌಗುಕಾಡು ಇದ್ದಲ್ಲಿ ಒಣಹುಲ್ಲಿನ ಬಯಲು ಬಂತು. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದದ ಬಲದಿಂದ ಫ್ರಾನ್ಸ್ ತನ್ನ ಕಡೆ ಕಾಂಕ್ರೀಟ್ ಕಾಲುವೆ ಕಟ್ಟಿ, ನೀರನ್ನು ಅತ್ತ ತಿರುಗಿಸಿ ವಿದ್ಯುತ್ ತೆಗೆಯತೊಡಗಿತು. ಸಾಲಾಗಿ ಬಂದ ಅಣೆಕಟ್ಟುಗಳಲ್ಲಿ ಕೊನೆಯದು 1977ರ ಇಫೆಟ್ಸ್‌ಹೈಮ್.

ಅಣೆಕಟ್ಟು ಕಟ್ಟಿದ ಮೇಲೆ ಇನ್ನೊಂದು ತೊಡಕು. ಮೇಲಿನಿಂದ ಬರುವ ಜಲ್ಲಿ ಮರಳೆಲ್ಲ ಹಿಂದೆಯೇ ನಿಂತುಬಿಡುತ್ತದೆ. ಬರಿಗೈಯಲ್ಲಿ ಹೊರಬಿದ್ದ ನದಿ ಕೆಳಗಿನ ಪಾತ್ರವನ್ನೇ ಕಿತ್ತುಕೊಂಡು ಹೋಗುತ್ತದೆ. ಅದಕ್ಕಾಗಿ ಇಫೆಟ್ಸ್‌ಹೈಮ್ ಕೆಳಗೆ 1978ರಿಂದ ವರ್ಷಕ್ಕೆ ಒಂದು ಲಕ್ಷ ಘನಮೀಟರಿಗೂ ಹೆಚ್ಚು ಜಲ್ಲಿಯನ್ನು ದೋಣಿಗಳಲ್ಲಿ ತಂದು ನದಿಗೆ ಸುರಿಯುತ್ತಾರೆ. ನದಿ ಅದನ್ನು ಒಯ್ಯುತ್ತದೆ, ಇವರು ಮತ್ತೆ ಸುರಿಯುತ್ತಾರೆ. ಈ ಕೆಲಸಕ್ಕೆ ಮುಗಿಯುವ ದಿನವೆಂಬುದು ಇಲ್ಲ.

ಸುಂಕದ ಕೋಟೆಗಳು

ಬಯಲು ಮುಗಿಯುವಲ್ಲಿ ಮೈಂಜ್ ನಗರ. ಗುಟೆನ್‌ಬರ್ಗ್ 1455ರ ಸುಮಾರಿಗೆ ಅಚ್ಚಿನ ಮೊಳೆಗಳಿಂದ ಬೈಬಲ್ ಮುದ್ರಿಸಿದ್ದು ಇಲ್ಲಿಯೇ. ಮುಂದೆ ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗೆ ನದಿ ಕಡಿದಾದ ಕಣಿವೆ ಹೊಕ್ಕುತ್ತದೆ. ಕ್ಯಾಲೆಂಡರುಗಳಲ್ಲಿ ಕಾಣುವ ರೈನ್ ಇದೇ. ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಗುಡ್ಡಕ್ಕೊಂದು ಕೋಟೆ. ಮೈಂಜ್‌ನಿಂದ ಕೊಬ್ಲೆನ್ಸ್‌ವರೆಗೆ ನದಿಗೆ ಒಂದು ಸೇತುವೆಯೂ ಇಲ್ಲ. ದಾಟಲು ಇಂದಿಗೂ ದೋಣಿಯೇ ಗತಿ.

ಪ್ರವಾಸಿಗಳು ಮೆಚ್ಚುವ ಆ ಕೋಟೆಗಳಲ್ಲಿ ಹಲವು ಸುಂಕದ ಕಟ್ಟೆಗಳು. ಜರ್ಮನಿ ಎಂಬ ಒಂದೇ ದೇಶ ಹುಟ್ಟಿದ್ದು 1871ರಲ್ಲಿ ಮಾತ್ರ. ಅದಕ್ಕೆ ಮೊದಲು, ನೆಪೋಲಿಯನ್ನನ ಕಾಲದವರೆಗೆ, ಸುಮಾರು 300 ಸಂಸ್ಥಾನಗಳಿದ್ದವು. ನದಿ ಯಾರ ಗಡಿಯಲ್ಲಿ ಹರಿಯುತ್ತದೋ ಅವರಿಗೆಲ್ಲ ಸುಂಕ. ಕೌಬ್ ಎಂಬ ಊರಿನ ಎದುರು ನದಿಯ ನಡುವಿನ ಬಂಡೆಯ ಮೇಲೆ ಹಡಗಿನ ಆಕಾರದ ಕೋಟೆಯೊಂದಿದೆ. ನದಿಗೆ ಸರಪಳಿ ಎಳೆದು ಹಡಗು ತಡೆಯುತ್ತಿದ್ದರು. ಅಲ್ಲಿ ಸುಂಕ ವಸೂಲಿ 1860ರ ದಶಕದವರೆಗೂ ನಡೆಯಿತು. 1815ರ ವಿಯೆನ್ನಾ ಸಮ್ಮೇಳನದಲ್ಲಿ ರೈನ್ ನೌಕಾಯಾನಕ್ಕಾಗಿ ಒಂದು ಅಂತರರಾಷ್ಟ್ರೀಯ ಆಯೋಗ ರಚನೆಯಾಗಿ, 1868ರ ಮಾನ್‌ಹೈಮ್ ಒಪ್ಪಂದದಲ್ಲಿ ಸುಂಕವಿಲ್ಲದ ಸಂಚಾರ ಎಲ್ಲ ದೇಶಗಳಿಗೂ ಸಿಕ್ಕಿತು. ಆ ಆಯೋಗ ಇಂದಿಗೂ ಸ್ಟ್ರಾಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದೆ. ಅಸ್ತಿತ್ವದಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲೇ ಅತಿ ಹಳೆಯದು. ಹಲವು ರಾಜ್ಯಗಳ ನದಿಯೊಂದರ ಬಗ್ಗೆ ಕೂತು ಮಾತಾಡುವುದನ್ನು ಅವರು ಇನ್ನೂರು ವರ್ಷಗಳಿಂದ ರೂಢಿಸಿಕೊಂಡಿದ್ದಾರೆ. ಕಾವೇರಿಯ ವಿವಾದ ನೋಡುತ್ತ ಬೆಳೆದ ನಮ್ಮ ತಲೆಮಾರಿನವರಿಗೆ ಇದು ಸುಮ್ಮನೆ ಓದಿಬಿಡುವ ಸಂಗತಿಯಲ್ಲ.

ಕೌಬ್‌ನಿಂದ ಸ್ವಲ್ಪ ಕೆಳಗೆ ಲೊರೆಲೈ ಎಂಬ 132 ಮೀಟರ್ ಎತ್ತರದ ಬಂಡೆ. ಅದರ ಮೇಲೆ ಕುಳಿತ ಚೆಲುವೆ ಹಾಡಿ ನಾವಿಕರನ್ನು ಮುಳುಗಿಸುತ್ತಿದ್ದಳೆಂಬುದು ಪ್ರಸಿದ್ಧ ಕತೆ. ಪುರಾತನ ಐತಿಹ್ಯವೆಂದು ಎಲ್ಲರೂ ತಿಳಿದಿರುವ ಈ ಹೆಣ್ಣು ಹುಟ್ಟಿದ್ದು ಬ್ರೆಂಟಾನೊ ಎಂಬ ಕವಿಯ ತಲೆಯಲ್ಲಿ, 1801ರಲ್ಲಿ. 1824ರಲ್ಲಿ ಹೈನೆ ಬರೆದ ಕವಿತೆ ಅವಳನ್ನು ಲೋಕಪ್ರಸಿದ್ಧಳನ್ನಾಗಿ ಮಾಡಿತು. ಮುಳುಗಿಸುತ್ತಿದ್ದದ್ದು ಮಾತ್ರ ನಿಜವಾದ ಬಂಡೆಗಳು, ಕಿರಿದಾದ ತಿರುವು ಮತ್ತು ಸೆಳೆತ. ಈಗಲೂ ಅಲ್ಲಿ ಹಡಗುಗಳಿಗೆ ದೀಪದ ಸಂಕೇತವಿದೆ.

ಕೌಬ್‌ನ ಹೆಸರು ಈಚೆಗೆ ಬೇರೆ ಕಾರಣಕ್ಕೆ ಪತ್ರಿಕೆಗಳಲ್ಲಿ ಬರುತ್ತದೆ. ನದಿಯ ಅತಿ ಆಳವಿಲ್ಲದ ಜಾಗಗಳಲ್ಲಿ ಇದೂ ಒಂದು. ಇಲ್ಲಿನ ಅಳತೆಗೋಲಿನಲ್ಲಿ ನೀರು ಎಷ್ಟಿದೆಯೆಂಬುದರ ಮೇಲೆ ಹಡಗುಗಳಿಗೆ ಎಷ್ಟು ಸರಕು ತುಂಬಬೇಕೆಂಬುದು ನಿರ್ಧಾರವಾಗುತ್ತದೆ. 2018ರ ಅಕ್ಟೋಬರ್‌ನಲ್ಲಿ ಅದು 25 ಸೆಂಟಿಮೀಟರಿಗೆ ಇಳಿಯಿತು. ಮೊಣಕಾಲುದ್ದ ನೀರು ಎಂದುಕೊಳ್ಳಬೇಡಿ. ಅಳತೆಗೋಲಿನ ಸೊನ್ನೆ ನದಿಯ ತಳದಲ್ಲಿಲ್ಲ. ಹಡಗಿನ ದಾರಿಯ ಆಳ ಅದಕ್ಕಿಂತ ಒಂದು ಮೀಟರಿನಷ್ಟು ಹೆಚ್ಚೇ ಇರುತ್ತದೆ. ಆದರೂ ತುಂಬಿದ ಹಡಗು ಸಾಗಲು ಅದು ಸಾಲದು. ಮೇಲ್ಗಡೆ ಲುಡ್ವಿಗ್‌ಹಾಫೆನ್‌ನಲ್ಲಿರುವ ಬಾಸ್ಫ್ ರಾಸಾಯನಿಕ ಕಾರ್ಖಾನೆ ಕಚ್ಚಾಮಾಲು ಸಾಲದೆ ಉತ್ಪಾದನೆಯನ್ನೇ ತಗ್ಗಿಸಬೇಕಾಯಿತು.

ಗಾಳಿಯಿಂದ ಗೊಬ್ಬರ, ನದಿಗೆ ವಿಷ

ಈ ಕಾರ್ಖಾನೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ತುಲ್ಲ 1807ರಲ್ಲಿ ಆರಂಭಿಸಿದ್ದ ಎಂಜಿನಿಯರಿಂಗ್ ಶಾಲೆಯನ್ನೂ ಸೇರಿಸಿಕೊಂಡು ಬೆಳೆದ ಕಾರ್ಲ್ಸ್‌ರೂಹೆಯ ವಿದ್ಯಾಲಯದಲ್ಲಿ, 1909ರಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯ ತಯಾರಿಸಿ ತೋರಿಸಿದ. ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದವ ಬಾಸ್ಫ್‌ನ ಕಾರ್ಲ್ ಬಾಷ್. 1913ರಲ್ಲಿ ಲುಡ್ವಿಗ್‌ಹಾಫೆನ್ ಪಕ್ಕದ ಒಪ್ಪಾವ್‌ನಲ್ಲಿ ಉತ್ಪಾದನೆ ಆರಂಭ. ನಮ್ಮ ರೈತರು ಗದ್ದೆಗೆ ಎರಚುವ ಯೂರಿಯದ ಮೂಲವೂ ಇದೇ ವಿಧಾನ. ಇಂದು ಭೂಮಿಯ ಮೇಲಿನ ಸುಮಾರು ಅರ್ಧದಷ್ಟು ಜನರ ಅನ್ನ ಇದರ ಮೇಲೆ ನಿಂತಿದೆಯೆಂದು ಲೆಕ್ಕ ಹಾಕಿದ್ದಾರೆ. ಅದೇ ಹೇಬರ್ 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಕ್ಲೋರಿನ್ ಅನಿಲ ಬಿಡಿಸುವ ಉಸ್ತುವಾರಿ ವಹಿಸಿದ. ಕೆಲವೇ ದಿನಗಳಲ್ಲಿ, ಸ್ವತಃ ರಸಾಯನವಿಜ್ಞಾನಿಯಾಗಿದ್ದ ಅವನ ಹೆಂಡತಿ ಕ್ಲಾರಾ ಆತ್ಮಹತ್ಯೆ ಮಾಡಿಕೊಂಡಳು. ಯೆಹೂದಿ ಕುಲದಲ್ಲಿ ಹುಟ್ಟಿದ ಹೇಬರ್ 1933ರಲ್ಲಿ ಹಿಟ್ಲರನ ಜರ್ಮನಿಯನ್ನು ಬಿಡಬೇಕಾಗಿ ಬಂದು, ಮರುವರ್ಷ ರೈನ್ ದಂಡೆಯ ಬಾಸೆಲ್‌ನಲ್ಲೇ ಸತ್ತ. ಒಪ್ಪಾವ್ ಕಾರ್ಖಾನೆಯದೂ ದುರಂತವೇ. 1921ರ ಸೆಪ್ಟೆಂಬರ್ 21ರಂದು, ಗಟ್ಟಿಕಟ್ಟಿದ್ದ ಗೊಬ್ಬರದ ರಾಶಿಯನ್ನು ಎಂದಿನಂತೆ ಸಿಡಿಮದ್ದಿನಿಂದ ಒಡೆಯಲು ಹೋದಾಗ ರಾಶಿಯೇ ಸ್ಫೋಟಗೊಂಡು 500ಕ್ಕೂ ಹೆಚ್ಚು ಜನ ಸತ್ತರು.

ಬಾಸೆಲ್‌ನಿಂದ ಕೆಳಗೆ ಉದ್ದಕ್ಕೂ ಇಂಥ ಕಾರ್ಖಾನೆಗಳು ಎದ್ದವು. ಎರಡನೇ ಮಹಾಯುದ್ಧದ ನಂತರ ರೈನ್‌ಗೆ 'ಯೂರೋಪಿನ ಚರಂಡಿ' ಎಂಬ ಅಡ್ಡಹೆಸರು ಬಂತು. 1880ರ ದಶಕದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಸಿಗುತ್ತಿದ್ದ ಸಾಲ್ಮನ್ ಮೀನು 1950ರ ದಶಕದ ಹೊತ್ತಿಗೆ ಪೂರಾ ಇಲ್ಲವಾಯಿತು. 1986ರ ನವೆಂಬರ್ 1ರಂದು ಬಾಸೆಲ್ ಬಳಿ ಸ್ಯಾಂಡೋಸ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಹೊಡೆದ ನೀರಿನೊಡನೆ ಟನ್ನುಗಟ್ಟಲೆ ಕೀಟನಾಶಕ ನದಿಗೆ ಹರಿದು, ನೀರು ಕೆಂಪಾಗಿ, ಲಕ್ಷಕ್ಕೂ ಹೆಚ್ಚು ಹಾವುಮೀನುಗಳು ಸತ್ತು ತೇಲಿದವು.

ಆ ಕೆಂಪು ನೀರು ಎಲ್ಲರ ಕಣ್ಣು ತೆರೆಸಿತು. ನದಿಯ ರಕ್ಷಣೆಗೆಂದು 1950ರಲ್ಲೇ ಹುಟ್ಟಿದ್ದರೂ ಮಾತಿನಲ್ಲೇ ಕಾಲ ಕಳೆದಿದ್ದ ಅಂತರರಾಷ್ಟ್ರೀಯ ಆಯೋಗಕ್ಕೆ ಈಗ ಬಲ ಬಂತು. 1987ರ ಕಾರ್ಯಕ್ರಮದಲ್ಲಿ ಗುರಿಯನ್ನು ಮಿಲಿಗ್ರಾಂಗಳಲ್ಲಿ ಮಾತ್ರ ಹೇಳದೆ, 2000ದ ವೇಳೆಗೆ ಸಾಲ್ಮನ್ ಮರಳಬೇಕು ಎಂದರು. ಮೀನಿನ ಹೆಸರು ಹೇಳಿದ್ದೇ ಜಾಣತನ ಎಂದು ನನ್ನ ಭಾವನೆ. ಜನಕ್ಕೆ ಅರ್ಥವಾಗುವುದು ಅದೇ. 1988ರಲ್ಲಿ ಪಶ್ಚಿಮ ಜರ್ಮನಿಯ ಪರಿಸರ ಸಚಿವ ಕ್ಲಾಸ್ ಟೋಪ್ಫರ್ ಮೈಂಜ್ ಬಳಿ ನದಿಗೆ ಹಾರಿ ಈಜಿ ತೋರಿಸಿದರು. 1990ರ ದಶಕದಲ್ಲಿ ಉಪನದಿಗಳಿಗೆ ಸಾಲ್ಮನ್ ಮರಳತೊಡಗಿತು. 2000ದಲ್ಲಿ ಇಫೆಟ್ಸ್‌ಹೈಮ್ ಅಣೆಕಟ್ಟಿಗೆ ಮೀನು ಹತ್ತುವ ಮೆಟ್ಟಿಲು ಕಟ್ಟಿದರು. ಆದರೆ ಮೇಲಿನ ಅಣೆಕಟ್ಟುಗಳನ್ನೆಲ್ಲ ದಾಟಿ ಬಾಸೆಲ್ ತಲಪುವ ಸರಾಗವಾದ ದಾರಿ ಮೀನಿಗೆ ಇನ್ನೂ ಆಗಿಲ್ಲ.

ಅಪ್ಪನ ಸಿಟ್ಟು

ಕೊಬ್ಲೆನ್ಸ್, ಹಿಂದೆ ಪಶ್ಚಿಮ ಜರ್ಮನಿಯ ರಾಜಧಾನಿಯಾಗಿದ್ದ ಬಾನ್ ಇವನ್ನು ದಾಟಿದರೆ ಕೊಲೋನ್. ಕ್ರಿ.ಶ. 50ರಲ್ಲಿ ರೋಮನ್ನರಿಂದ ನಗರದ ಪಟ್ಟ ಪಡೆದ ಊರು. 1248ರಲ್ಲಿ ಕಟ್ಟಲಾರಂಭಿಸಿದ ಇಲ್ಲಿನ ಚರ್ಚು ಮುಗಿದದ್ದು 1880ರಲ್ಲಿ. ನಡುವೆ ಮುನ್ನೂರು ವರ್ಷ ಕೆಲಸವೇ ನಿಂತು, ಅರ್ಧ ಕಟ್ಟಿದ ಗೋಪುರದ ಮೇಲೆ ಮರದ ಕ್ರೇನೊಂದು ಹಾಗೆಯೇ ನಿಂತಿತ್ತು.

ಜರ್ಮನರು ನಗುವುದಿಲ್ಲ ಎನ್ನುವವರು ಕಾರ್ನಿವಲ್ ಸಮಯದಲ್ಲಿ ಇಲ್ಲಿಗೆ ಹೋಗಬೇಕು. ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ ಅದರ ಆರಂಭ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ಹಿಂದಿನ ವಾರ ಅದರ ಭರಾಟೆ. ಗುರುವಾರ ಹೆಂಗಸರ ದಿನ. ಕತ್ತರಿ ಹಿಡಿದು ಬಂದು ಗಂಡಸರ ಕೊರಳಿನ ಟೈ ಕತ್ತರಿಸುತ್ತಾರೆ. ಸೋಮವಾರ ದೊಡ್ಡ ಮೆರವಣಿಗೆ. ಸೈನಿಕರ ಸಮವಸ್ತ್ರ ತೊಟ್ಟು ಕವಾಯತನ್ನು ಅಣಕಿಸುವ ತಂಡಗಳಿಗೆ ಇತಿಹಾಸವಿದೆ. 1815ರಲ್ಲಿ ಈ ಪ್ರಾಂತ್ಯ ಶಿಸ್ತಿನ ಪ್ರಷ್ಯನರ ಕೈಸೇರಿತು. 1823ರಲ್ಲಿ ಊರಿನವರು ಕಾರ್ನಿವಲ್ಲನ್ನು ಹೊಸದಾಗಿ ಸಂಘಟಿಸಿ, ದೊರೆಗಳ ಸೈನ್ಯವನ್ನೇ ನಗೆಪಾಟಲು ಮಾಡಿದರು. ಕೆಳಗಿನ ಡಸ್ಸೆಲ್‌ಡಾರ್ಫ್‌ನವರಿಗೂ ಕೊಲೋನಿನವರಿಗೂ ಬಿಯರಿನಿಂದ ಹಿಡಿದು ಕಾರ್ನಿವಲ್ ಘೋಷಣೆಯವರೆಗೆ ಎಲ್ಲದರಲ್ಲೂ ಪೈಪೋಟಿ. ನಮ್ಮ ಹುಬ್ಬಳ್ಳಿ ಧಾರವಾಡದವರ ಚೇಷ್ಟೆಯನ್ನು ನೆನೆದರೆ ಅರ್ಥವಾದೀತು.

1993ರ ಕ್ರಿಸ್‌ಮಸ್ ಸಮಯದಲ್ಲಿ ಇದೇ ಕೊಲೋನಿನಲ್ಲಿ ನದಿ ಅಳತೆಗೋಲಿನ 10.63 ಮೀಟರ್ ಮುಟ್ಟಿ ಹಳೆಯ ಪೇಟೆಗೆ ನುಗ್ಗಿತು. ಹದಿಮೂರು ತಿಂಗಳಲ್ಲಿ, 1995ರ ಜನವರಿಯಲ್ಲಿ, ಮತ್ತೆ 10.69 ಮೀಟರ್. ಮೇಲ್ಗಡೆಯ ನೆರೆಬಯಲುಗಳನ್ನೆಲ್ಲ ದಂಡೆ ಕಟ್ಟಿ ಕಿತ್ತುಕೊಂಡ ಮೇಲೆ ನೀರು ನಿಲ್ಲಲು ಜಾಗವಿಲ್ಲ. ಬಾಸೆಲ್‌ನಿಂದ ಕಾರ್ಲ್ಸ್‌ರೂಹೆಗೆ ನೆರೆ ತಲಪಲು ಹಿಂದೆ ಹಿಡಿಯುತ್ತಿದ್ದುದಕ್ಕಿಂತ ಈಗ ಅರ್ಧದಷ್ಟು ಹೊತ್ತೂ ಬೇಡ. 2021ರ ಜುಲೈ 14ರ ರಾತ್ರಿ ಬಾನ್‌ಗೆ ಸಮೀಪದ ಆರ್ ಎಂಬ ಸಣ್ಣ ಉಪನದಿ ಉಕ್ಕಿದಾಗ ಆ ಕಣಿವೆಯೊಂದರಲ್ಲೇ 130ಕ್ಕೂ ಹೆಚ್ಚು ಜನ ಸತ್ತರು. ಅದು ತುಲ್ಲ ಮುಟ್ಟಿದ ನದಿಯಲ್ಲ. ಇಕ್ಕಟ್ಟಾದ ಕಣಿವೆಯಲ್ಲಿ, ನೀರಿನ ದಾರಿಯಲ್ಲೇ ಮನೆಗಳಿದ್ದವು. ಎಚ್ಚರಿಕೆಯೂ ಸಕಾಲದಲ್ಲಿ ಮುಟ್ಟಲಿಲ್ಲ.

ಈಗ ತುಲ್ಲನ ಬಾಡೆನ್ ಸೀಮೆಯನ್ನು ಒಳಗೊಂಡ ಬಾಡೆನ್-ವುರ್ಟೆಂಬರ್ಗ್ ರಾಜ್ಯ, ನದಿಗೆ ಜಾಗ ಹಿಂದಿರುಗಿಸುವ ಕೆಲಸದಲ್ಲಿದೆ. ದಂಡೆಯುದ್ದಕ್ಕೂ 13 ಕಡೆ, ನೆರೆ ಬಂದಾಗ ಒಟ್ಟು 16.7 ಕೋಟಿ ಘನಮೀಟರ್ ನೀರು ಹೊಕ್ಕು ನಿಲ್ಲುವಂತೆ ಬಯಲುಗಳನ್ನು ಬಿಟ್ಟುಕೊಡುವ ಯೋಜನೆ. ಕೆಲವು ಮುಗಿದಿವೆ, ಕೆಲವು ಇನ್ನೂ ಆಗಬೇಕಿವೆ. ನಿಧಾನಕ್ಕೆ ಒಂದು ಕಾರಣ ಊರಿನವರ ವಿರೋಧ. ದೊಡ್ಡ ನೆರೆ ಬಂದಾಗ ನೀರು ಬಿಡುವುದಾದರೆ ಸರಿ, ಆದರೆ ಕಾಡಿಗೆ ಅಭ್ಯಾಸವಾಗಲೆಂದು ಆಗಾಗ ನೀರು ಹಾಯಿಸುವುದು ಬೇಡ ಎಂಬುದು ಹಲವರ ವಾದ. ಮನೆಯ ನೆಲಮಾಳಿಗೆಗೆ ತೇವ ಏರುತ್ತದೆ, ಸೊಳ್ಳೆ ಹೆಚ್ಚುತ್ತದೆ ಎನ್ನುತ್ತಾರೆ. ನದಿ ತಿರುಗಿಸಬೇಡಿ ಎಂದು ಕ್ನೀಲಿಂಗೆನ್‌ನವರು ಅಡ್ಡ ನಿಂತರು. ತಿರುಗಿ ಬರುವ ನದಿಗೆ ಇವರು ಅಡ್ಡ ನಿಂತಿದ್ದಾರೆ.

ಸೊಳ್ಳೆಯ ಮಾತು ಸುಳ್ಳಲ್ಲ. ಮಲೇರಿಯಾ ಹೋದರೂ ಸೊಳ್ಳೆ ಆ ಬಯಲನ್ನು ಬಿಟ್ಟುಹೋಗಿಲ್ಲ. ಅದಕ್ಕಾಗಿ ರೈನ್ ದಂಡೆಯ ಊರುಗಳು ಸೇರಿ 1976ರಲ್ಲಿ ಒಂದು ಸಂಘ ಕಟ್ಟಿಕೊಂಡಿವೆ. ನೆರೆ ಇಳಿದ ಹೊಂಡಗಳಲ್ಲಿ ಮರಿಗಳನ್ನು ಕೊಲ್ಲಲು ಅವರು ಬಳಸುವುದು ರಾಸಾಯನಿಕವನ್ನಲ್ಲ, ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದ ಒಂದು ತಳಿಯ ಉತ್ಪನ್ನವನ್ನು. ಹೆಸರು ಬಂದದ್ದು ಜರ್ಮನಿಯ ತುರಿಂಜಿಯ ಪ್ರಾಂತ್ಯದಿಂದ. ನಮ್ಮ ಹಾವೇರಿ, ರಾಯಚೂರಿನ ರೈತರು ಬೆಳೆಯುವ ಬಿಟಿ ಹತ್ತಿಯ 'ಬಿಟಿ' ಎಂದರೂ ಇದೇ ಜಾತಿಯ ಬ್ಯಾಕ್ಟೀರಿಯ. ಅದನ್ನು ನೀರಿನಲ್ಲಿ ಬೆರೆಸಿ, ಸಣ್ಣ ಹರಳುಗಳಾಗಿ ಹೆಪ್ಪುಗಟ್ಟಿಸಿ, ಬೇಸಿಗೆಯ ನೆರೆ ಇಳಿದ ಕೂಡಲೇ ಹೆಲಿಕಾಪ್ಟರಿನಿಂದ ಕಾಡಿನ ಮೇಲೆ ಉದುರಿಸುತ್ತಾರೆ. ಮಂಜಿನ ಹರಳುಗಳು ಎಲೆಗಳ ನಡುವೆ ಜಾರಿ ಕೆಳಗಿನ ನಿಂತ ನೀರಿಗೆ ಬಿದ್ದು ಕರಗುತ್ತವೆ.